ಬೋಲ್ಟು ಜೋಡಣೆಯ ಬಲಾಬಲ: ಕರಾವಳಿಯ ಸಣ್ಣ ಉದ್ಯಮಗಳಿಗೆ ಪರಿಮಿತ ಘಟಕ ವಿಶ್ಲೇಷಣೆಯ ಪರಿಚಯ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ಫ್ಯಾಬ್ರಿಕೇಶನ್ ಘಟಕಗಳು ಗೋದಾಮಿನ ಶೆಡ್ಡು, ಜಾಹೀರಾತು ಫಲಕದ ಚೌಕಟ್ಟು, ನೀರಿನ ಟ್ಯಾಂಕಿನ ಸ್ಟ್ಯಾಂಡು, ದೋಣಿಯ ಎಂಜಿನ್ ಪೀಠ ಮೊದಲಾದವುಗಳನ್ನು ತಯಾರಿಸುತ್ತವೆ. ಇವೆಲ್ಲವುಗಳಲ್ಲಿ ಉಕ್ಕಿನ ತೊಲೆ ಮುರಿಯುವುದು ಅಪರೂಪ. ತೊಂದರೆ ಸಾಮಾನ್ಯವಾಗಿ ಆರಂಭವಾಗುವುದು ಜೋಡಣೆಯಲ್ಲಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಕರ್ನಾಟಕದ ಕರಾವಳಿಗೆ ಸಮಾನಾಂತರವಾಗಿ ಅರಬ್ಬೀ ಸಮುದ್ರದಲ್ಲಿ ಸಾಗಿ ಗುಜರಾತಿನಲ್ಲಿ ದಡ ಸೇರಿತು. ಇಂತಹ ಗಾಳಿಯ ಎದುರು ಒಂದು ಶೆಡ್ಡು ನಿಲ್ಲುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಬೋಲ್ಟುಗಳನ್ನು ಮತ್ತು ಅವು ಹಾದುಹೋಗುವ ಪ್ಲೇಟುಗಳನ್ನು ಅವಲಂಬಿಸಿದೆ. ಈ ಜೋಡಣೆಗಳನ್ನು ಗಣಕಯಂತ್ರದ ಮೇಲೆ ಪರೀಕ್ಷಿಸುವ ವಿಧಾನವೇ ಪರಿಮಿತ ಘಟಕ ವಿಶ್ಲೇಷಣೆ. ಇದನ್ನು ಸ್ವತಃ ಮಾಡದ ಉದ್ಯಮಿಯೂ ವಿಶ್ಲೇಷಣಾ ವರದಿಯನ್ನು ಓದಿ ತೂಗಿ ನೋಡಬಲ್ಲಷ್ಟು ತಿಳಿದಿರುವುದು ಲಾಭದಾಯಕ.

ಬೋಲ್ಟು ಮಾಡುವ ಕೆಲಸ

ಬೋಲ್ಟೆಂದರೆ ಪ್ಲೇಟುಗಳನ್ನು ಪೋಣಿಸುವ ಮೊಳೆಯೆಂದು ಭಾವಿಸುವುದು ಸಾಮಾನ್ಯ. ವಾಸ್ತವವಾಗಿ ಬಿಗಿದ ಬೋಲ್ಟು ಒಂದು ಸ್ಪ್ರಿಂಗ್. ನಟ್ಟನ್ನು ತಿರುಗಿಸಿದಾಗ ಅದು ಹಿಗ್ಗುತ್ತದೆ, ಪ್ಲೇಟುಗಳು ಅದುಮಿಕೊಳ್ಳುತ್ತವೆ. ಈ ಮುಂಗಡ ಬಿಗಿತವೇ ಜೋಡಣೆಯ ಜೀವಾಳ.

ಒಂದು ಉದಾಹರಣೆಯನ್ನು ನೋಡಬಹುದು. ಬೋಲ್ಟಿನಲ್ಲಿ 100 ಕಿಲೋನ್ಯೂಟನ್ ಮುಂಗಡ ಬಿಗಿತವಿದೆ (1 ಕಿಲೋನ್ಯೂಟನ್ ಎಂದರೆ ಸುಮಾರು 102 ಕಿಲೋಗ್ರಾಂ ತೂಕ). ಹೊರಗಿನಿಂದ 40 ಕಿಲೋನ್ಯೂಟನ್ ಎಳೆತ ಬಂದಿತೆನ್ನೋಣ. ಪ್ಲೇಟುಗಳು ಬೋಲ್ಟಿಗಿಂತ ಹೆಚ್ಚು ಬಿರುಸಾದುದರಿಂದ ಈ ಎಳೆತದ ಸುಮಾರು ಐದನೆಯ ಒಂದು ಪಾಲು, ಅಂದರೆ 8 ಕಿಲೋನ್ಯೂಟನ್ ಮಾತ್ರ ಬೋಲ್ಟಿಗೆ ಸೇರುತ್ತದೆ. ಉಳಿದ 32 ಪ್ಲೇಟುಗಳ ಅದುಮುವಿಕೆಯನ್ನು ಕಡಿಮೆ ಮಾಡುವುದರಲ್ಲಿ ವ್ಯಯವಾಗುತ್ತದೆ. ಅದೇ ಬೋಲ್ಟು ಸಡಿಲವಾಗಿದ್ದರೆ ಪ್ರತಿ ಬಾರಿಯೂ ಪೂರ್ಣ 40 ಕಿಲೋನ್ಯೂಟನ್ ಅದರ ಮೇಲೆಯೇ ಬೀಳುತ್ತದೆ. ಎಂಜಿನ್ ಪೀಠದಂತೆ ಸದಾ ಅದುರುವ ಕಡೆ ಈ ವ್ಯತ್ಯಾಸ ನಿರ್ಣಾಯಕ. ಲೋಹದ ದಣಿವು ಪೀಡನದ ಏರಿಳಿತದ ಘನಕ್ಕೆ ಅನುಗುಣವೆಂಬ ಸಾಮಾನ್ಯ ಲೆಕ್ಕದಂತೆ ಐದು ಪಟ್ಟು ಏರಿಳಿತವೆಂದರೆ ಆಯುಷ್ಯ 125ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪೀಡನವೆಂದರೆ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಆಂತರಿಕ ಬಲ.

ಬಿಗಿಯುವುದರಲ್ಲಿರುವ ಲೆಕ್ಕ

ಬೋಲ್ಟಿನ ತಲೆಯ ಮೇಲಿನ 8.8 ಎಂಬ ಗುರುತಿನಲ್ಲಿ ಮೊದಲ ಅಂಕಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಒಡೆಯುವ ಬಲವನ್ನೂ, ಎರಡನೆಯದು ಅದರ ಶೇ. 80, ಅಂದರೆ 640 ನ್ಯೂಟನ್ ಇಳುವರಿ ಬಲವನ್ನೂ ಸೂಚಿಸುತ್ತದೆ. 4.6 ಗುರುತಿನ ಸಾಧಾರಣ ಬೋಲ್ಟಿನಲ್ಲಿ ಇವು 400 ಮತ್ತು 240. ಎಂ-20 ಬೋಲ್ಟಿನ ಎಳೆತ ತಾಳುವ ವಿಸ್ತೀರ್ಣ 245 ಚದರ ಮಿಲಿಮೀಟರ್. ಉಕ್ಕಿನ ಕಟ್ಟಡಗಳ ಭಾರತೀಯ ಸಂಹಿತೆ ಐ.ಎಸ್. 800ರ 2007ರ ಆವೃತ್ತಿಯಂತೆ ಘರ್ಷಣೆಯಿಂದ ಹಿಡಿಯುವ ಬೋಲ್ಟಿಗೆ ಒಡೆಯುವ ಬಲದ ಶೇ. 70ರಷ್ಟು ಬಿಗಿತ ಕೊಡಬೇಕು. ಹೀಗೆ 8.8 ದರ್ಜೆಯ ಎಂ-20 ಬೋಲ್ಟಿಗೆ ದೊರೆಯುವುದು 137 ಕಿಲೋನ್ಯೂಟನ್.

ಇದಕ್ಕೆ ಬೇಕಾದ ತಿರುಚು ಬಲವು ಒಂದು ಗುಣಾಂಕ, ಬೋಲ್ಟಿನ ವ್ಯಾಸ ಮತ್ತು ಬಿಗಿತ ಇವುಗಳ ಗುಣಲಬ್ಧ. ಒಣ ಉಕ್ಕಿಗೆ ಗುಣಾಂಕ ಸುಮಾರು 0.2, ಆದ್ದರಿಂದ 548 ನ್ಯೂಟನ್-ಮೀಟರ್ ಬೇಕು. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಇದು 56 ಕಿಲೋಗ್ರಾಂ ಒತ್ತಿದಂತೆ. ಮಳೆಗಾಲದಲ್ಲಿ ಹೊರಗಿಟ್ಟು ತುಕ್ಕು ಹಿಡಿದ ಮರೆಗೆ ಗುಣಾಂಕ 0.3 ಆದರೆ ಅದೇ ತಿರುಚಿಗೆ ಬರುವ ಬಿಗಿತ 91 ಕಿಲೋನ್ಯೂಟನ್ ಮಾತ್ರ. ಎಣ್ಣೆ ಹಚ್ಚಿ ಗುಣಾಂಕ 0.15 ಆದರೆ ಬಿಗಿತ 183ಕ್ಕೆ ಏರಿ, 157 ಕಿಲೋನ್ಯೂಟನ್ ಎಂಬ ಇಳುವರಿ ಮಿತಿಯನ್ನು ದಾಟುತ್ತದೆ. ಅಳತೆಯ ಸ್ಪ್ಯಾನರು ಒಂದೇ, ಕೆಲಸಗಾರನೂ ಒಬ್ಬನೇ, ಫಲ ಮಾತ್ರ ಬೇರೆ. ಬೋಲ್ಟುಗಳನ್ನು ಒಣಜಾಗದಲ್ಲಿ ಇಡುವುದು ಸಂಗ್ರಹದ ಶಿಸ್ತಷ್ಟೇ ಅಲ್ಲ, ಬಲದ ಪ್ರಶ್ನೆಯೂ ಹೌದು.

ಸತುವಿನ ಲೇಪ ಮತ್ತು ಜಾರುವಿಕೆ

ಉಪ್ಪುಗಾಳಿಯ ಊರಿನಲ್ಲಿ ಗ್ಯಾಲ್ವನೈಸಿಂಗ್ ಅನಿವಾರ್ಯ. ಆದರೆ ಒಂದಕ್ಕೊಂದು ತಾಗುವ ಮೈಗಳ ಘರ್ಷಣೆಯನ್ನು ಅದು ತಗ್ಗಿಸುತ್ತದೆ. ಅದೇ ಸಂಹಿತೆಯಂತೆ ಸಂಸ್ಕರಿಸದ ಮೈಗೆ ಘರ್ಷಣಾಂಕ 0.20, ಗ್ರಿಟ್ ಬ್ಲಾಸ್ಟ್ ಮಾಡಿದ ಮೈಗೆ 0.50, ಬ್ಲಾಸ್ಟ್ ಮಾಡಿ ಬಿಸಿ ಸತುವಿನಲ್ಲಿ ಅದ್ದಿದ ಮೈಗೆ 0.10. ಮೇಲಿನ ಬೋಲ್ಟು ಸುರಕ್ಷಾ ಗುಣಾಂಕಗಳಿಗೆ ಮುನ್ನ ತಡೆಯುವ ಜಾರುವ ಬಲ ಕ್ರಮವಾಗಿ 27, 69 ಮತ್ತು 14 ಕಿಲೋನ್ಯೂಟನ್. ಬರಿಯ ಉಕ್ಕೆಂದು ಲೆಕ್ಕ ಹಾಕಿಸಿ ನಂತರ ಸತು ಲೇಪಿಸಿದರೆ ಹಿಡಿತ ಅರ್ಧಕ್ಕಿಳಿಯಿತೆಂದೇ ಅರ್ಥ. ಲೇಪದ ವಿಷಯವನ್ನು ವಿನ್ಯಾಸಕಾರರಿಗೆ ಮೊದಲೇ ತಿಳಿಸುವುದು ಅವಶ್ಯ. ಅವರು ಬೋಲ್ಟುಗಳ ಸಂಖ್ಯೆ ಹೆಚ್ಚಿಸಬಹುದು ಅಥವಾ ಬೋಲ್ಟಿನ ಕಾಂಡವೇ ರಂಧ್ರದ ಅಂಚಿಗೆ ತಾಗಿ ಭಾರ ಹೊರುವಂತೆ ಜೋಡಣೆಯನ್ನು ರೂಪಿಸಬಹುದು.

ಪರಿಮಿತ ಘಟಕ ವಿಧಾನ

ಸಂಕೀರ್ಣ ಆಕಾರದ ಪ್ಲೇಟಿನೊಳಗಿನ ಪೀಡನವನ್ನು ಒಂದೇ ಸೂತ್ರದಿಂದ ಕಂಡುಹಿಡಿಯಲಾಗದು. ಆದ್ದರಿಂದ ಅದನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ವಿಭಾಗಿಸಿ, ಪ್ರತಿ ತುಂಡಿಗೂ ಸರಳ ಸಮೀಕರಣ ಬರೆದು, ಎಲ್ಲವನ್ನೂ ಒಟ್ಟಾಗಿ ಬಿಡಿಸಲಾಗುತ್ತದೆ. ಗಣಿತಜ್ಞ ಕೊರಾಂಟ್ 1943ರಲ್ಲಿ ಈ ವಿಚಾರವನ್ನು ಮಂಡಿಸಿದರು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಅವರು ವಿಮಾನ ರಚನೆಗೆ ಅನ್ವಯಿಸಿದರು. 1960ರಲ್ಲಿ ಕ್ಲಫ್ ಇಂದಿನ ಹೆಸರನ್ನಿತ್ತರು. ಈ ಘಟಕಗಳು ಕೆಲವೊಮ್ಮೆ ಇಲ್ಲದ ಬಿರುಸನ್ನು ತೋರಿಸಿ ಬಾಗುವಿಕೆಯನ್ನು ಕಡಿಮೆ ಲೆಕ್ಕ ಹಾಕುವ ದೋಷದ ಮೇಲೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಗಂಗನ್ ಪ್ರತಾಪ್ ಮಹತ್ವದ ಕೆಲಸ ಮಾಡಿದರು. ತೆಳು ಪ್ಲೇಟಿನ ಜೋಡಣೆಗಳಲ್ಲಿ ಈ ದೋಷ ಇಂದಿಗೂ ಎಚ್ಚರ ಬೇಡುತ್ತದೆ. ಕ್ಯಾಲ್ಕ್ಯುಲಿಕ್ಸ್, ಕೋಡ್ ಆಸ್ಟರ್ ಮುಂತಾದ ತಂತ್ರಾಂಶಗಳು ಉಚಿತವಾಗಿ ದೊರೆಯುವುದರಿಂದ ಇದು ಸಣ್ಣ ಘಟಕಗಳಿಗೂ ನಿಲುಕುವಂತಿದೆ.

ಬೋಲ್ಟನ್ನು ಮಾದರಿಯಲ್ಲಿ ತೋರಿಸುವ ಬಗೆ ಹಲವು. ಪ್ಲೇಟುಗಳನ್ನು ಅಂಟಿಸಿದಂತೆ ಭಾವಿಸುವುದು ಅತಿ ಸುಲಭ. ಆದರೆ ಪ್ಲೇಟು ಬಿರಿಯುವುದೂ ಜಾರುವುದೂ ಅಲ್ಲಿ ಕಾಣದು. ಬೋಲ್ಟನ್ನು ಒಂದು ಸರಳಿನಂತೆ ತೋರಿಸಿ ಮುಂಗಡ ಬಿಗಿತ ಕೊಡುವುದು ಮಧ್ಯಮ ಮಾರ್ಗ. ಅನೇಕ ಬೋಲ್ಟುಗಳಿರುವ ರಚನೆಗೆ ಇದು ಯೋಗ್ಯ. ಮರೆಯಿಲ್ಲದ ಘನ ಬೋಲ್ಟು, ವಾಷರ್, ಪ್ಲೇಟುಗಳ ನಡುವೆ ಸ್ಪರ್ಶ ಮತ್ತು ಘರ್ಷಣೆ ಇವೆಲ್ಲವನ್ನೂ ಸೇರಿಸುವುದು ಒಂದು ಜೋಡಣೆಯ ಸೂಕ್ಷ್ಮ ಅಧ್ಯಯನಕ್ಕೆ ಸಲ್ಲುತ್ತದೆ. ಯಾವ ಮಾರ್ಗವಾದರೂ ಮೊದಲು ಬಿಗಿತ, ನಂತರ ಹೊರಗಿನ ಭಾರ ಎಂಬ ಕ್ರಮ ತಪ್ಪಬಾರದು.

ಒಂದು ಶೆಡ್ಡಿನ ಲೆಕ್ಕ

ಯಾವ ಮಾದರಿಯೂ ಅದಕ್ಕೆ ಕೊಟ್ಟ ಭಾರದಷ್ಟೇ ನಂಬಲರ್ಹ. ಗಾಳಿಯ ಸಂಹಿತೆ ಐ.ಎಸ್. 875ರ ಮೂರನೆಯ ಭಾಗವು ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್ ಮೂಲವೇಗವನ್ನು ನೀಡುತ್ತದೆ. ಅದನ್ನೇ ಹಿಡಿದು, ಇತರ ಗುಣಾಂಕಗಳನ್ನು 1 ಎಂದು ಭಾವಿಸಿದರೆ ಒತ್ತಡ ಚದರ ಮೀಟರಿಗೆ 0.6 × 39 × 39, ಅಂದರೆ ಸುಮಾರು 913 ನ್ಯೂಟನ್. 12 ಮೀಟರ್ ಅಗಲದ ಶೆಡ್ಡಿನಲ್ಲಿ ಚೌಕಟ್ಟುಗಳ ಅಂತರ 5 ಮೀಟರ್ ಆದರೆ ಒಂದು ಚೌಕಟ್ಟಿನ ಪಾಲಿಗೆ 60 ಚದರ ಮೀಟರ್ ಛಾವಣಿ. ಹೊರಗಿನ ಹೀರುವಿಕೆಯನ್ನು 0.8 ಎಂದು ಹಿಡಿಯೋಣ. ಬಾಗಿಲುಗಳು ಮುಚ್ಚಿದ್ದರೆ ಒಳಗಿನ ತಳ್ಳುವಿಕೆ 0.2, ಗೋಡೆಯ ಶೇ. 20ಕ್ಕೂ ಹೆಚ್ಚು ತೆರೆದಿದ್ದರೆ 0.7. ಛಾವಣಿಯ ಸ್ವಂತ ತೂಕ 15 ಕಿಲೋನ್ಯೂಟನ್ ಕಳೆದ ಮೇಲೆ ಉಳಿಯುವ ಮೇಲೆತ್ತುವ ಬಲ ಮುಚ್ಚಿದ ಶೆಡ್ಡಿಗೆ 40, ತೆರೆದ ಶೆಡ್ಡಿಗೆ 67 ಕಿಲೋನ್ಯೂಟನ್. ಶಟರ್ ತೆರೆದಿಟ್ಟರೆ ಬುಡದ ಬೋಲ್ಟಿನ ಭಾರ ಒಂದೂಮುಕ್ಕಾಲು ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಮುಚ್ಚಿದ ಶೆಡ್ಡಿಗೆ ಮಾಡಿಸಿದ ವಿಶ್ಲೇಷಣೆಯನ್ನು ತೆರೆದ ಶೆಡ್ಡಿಗೆ ಅನ್ವಯಿಸುವಂತಿಲ್ಲ.

ತೆರೆದ ಶೆಡ್ಡಿನ ಪ್ರತಿ ಕಂಬಕ್ಕೆ ನಾಲ್ಕು ಬೋಲ್ಟಿದ್ದರೆ ಒಂದಕ್ಕೆ ಬರುವುದು ಸುಮಾರು 8.4 ಕಿಲೋನ್ಯೂಟನ್. ಹೊಸ ಎಂ-20 ಬೋಲ್ಟಿಗೆ ಇದು ಅಲ್ಪ. ಆದರೆ ಬುಡದ ಪ್ಲೇಟು ತೆಳುವಾಗಿದ್ದರೆ ಅದು ಬಾಗಿ, ಅದರ ಅಂಚು ಸನ್ನೆಗೋಲಿನಂತೆ ವರ್ತಿಸಿ ಬೋಲ್ಟಿನ ಎಳೆತವನ್ನು ಹೆಚ್ಚಿಸುತ್ತದೆ. ತುಕ್ಕು ಸುತ್ತಲೂ 2 ಮಿಲಿಮೀಟರ್ ತಿಂದರೆ 245 ಚದರ ಮಿಲಿಮೀಟರ್ ವಿಸ್ತೀರ್ಣ 147ಕ್ಕೆ ಇಳಿಯುತ್ತದೆ, ಬಲದ ಶೇ. 40 ಹೋಯಿತು. ನೀರು ನಿಲ್ಲುವ ಕಂಬದ ಬುಡವನ್ನು ಪ್ರತಿ ಮಳೆಗಾಲದ ನಂತರ ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ವರದಿಯನ್ನು ಓದುವ ಬಗೆ

ಬಣ್ಣದ ಚಿತ್ರಗಳಿಗೆ ಮರುಳಾಗದೆ ಉದ್ಯಮಿಯು ಈ ಪ್ರಶ್ನೆಗಳನ್ನು ಕೇಳಬೇಕು.

1. ಹಾಕಿದ ಭಾರ ಮತ್ತು ಆಧಾರಗಳಲ್ಲಿ ಬಂದ ಪ್ರತಿಕ್ರಿಯೆಗಳ ಮೊತ್ತ ಸಮವಾಗಿವೆಯೇ?

2. ತುಂಡುಗಳನ್ನು ಇನ್ನಷ್ಟು ಚಿಕ್ಕದಾಗಿಸಿದಾಗ ಉತ್ತರ ಸ್ಥಿರವಾಗಿ ನಿಂತಿತೇ? ಚೂಪು ಮೂಲೆಯಲ್ಲಿ ಪೀಡನ ಏರುತ್ತಲೇ ಹೋದರೆ ಆ ಅಂಕಿಗೆ ಬೆಲೆಯಿಲ್ಲ.

3. ತಂತ್ರಾಂಶವನ್ನು ಗೊತ್ತಿರುವ ಉತ್ತರದೊಂದಿಗೆ ತಾಳೆ ನೋಡಲಾಗಿದೆಯೇ? ಅಗಲ ಪ್ಲೇಟಿನ ಚಿಕ್ಕ ದುಂಡು ರಂಧ್ರದ ಅಂಚಿನಲ್ಲಿ ಪೀಡನ ಮೂರು ಪಟ್ಟಾಗುತ್ತದೆಂದು ಕಿರ್ಶ್ 1898ರಲ್ಲೇ ತೋರಿಸಿದ್ದರು.

4. ಮುಂಗಡ ಬಿಗಿತ ಎಷ್ಟು, ಘರ್ಷಣಾಂಕ ಎಷ್ಟು ಎಂದು ಬರೆದಿದೆಯೇ?

5. ರಂಧ್ರದಿಂದ ಅಂಚಿನ ದೂರ ಸಾಕಷ್ಟಿದೆಯೇ? ಎಂ-20 ಬೋಲ್ಟಿನ 22 ಮಿಲಿಮೀಟರ್ ರಂಧ್ರದ ಮಧ್ಯದಿಂದ, ಕೈಯಿಂದ ಗ್ಯಾಸಿನಲ್ಲಿ ಕತ್ತರಿಸಿದ ಅಂಚಿಗೆ ಕನಿಷ್ಠ 1.7 ಪಟ್ಟು, ಅಂದರೆ 38 ಮಿಲಿಮೀಟರ್ ಬೇಕು.

ಚಿಕ್ಕ ಬದಲಾವಣೆಯ ದೊಡ್ಡ ಬೆಲೆ

1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾದಿಗಳು ಕುಸಿದು 114 ಜನ ಸತ್ತರು. ಮೇಲಿನ ಮತ್ತು ಕೆಳಗಿನ ಹಾದಿಗಳೆರಡನ್ನೂ ಛಾವಣಿಯಿಂದ ಇಳಿಯುವ ಒಂದೇ ಸರಳು ಹೊರಬೇಕೆಂಬುದು ಮೂಲ ನಕ್ಷೆ. ತಯಾರಿಕೆಯ ಅನುಕೂಲಕ್ಕಾಗಿ ಅದನ್ನು ಎರಡು ಸರಳುಗಳನ್ನಾಗಿ ಮಾಡಿ, ಕೆಳಗಿನ ಹಾದಿಯನ್ನು ಮೇಲಿನ ಹಾದಿಯ ತೊಲೆಗೆ ತೂಗುಹಾಕಲಾಯಿತು. ಪರಿಣಾಮವಾಗಿ ಮೇಲಿನ ತೊಲೆಯ ಕೆಳಗಿದ್ದ ನಟ್ಟಿನ ಮೇಲೆ ಭಾರ ಇಮ್ಮಡಿಯಾಯಿತು. ನಟ್ಟು ತೊಲೆಯನ್ನು ಸೀಳಿಕೊಂಡು ಹೊರಬಂದಿತು. ಸರಳು ಮುರಿದಿರಲಿಲ್ಲ. ಬದಲಾದ ಜೋಡಣೆಯ ಲೆಕ್ಕವನ್ನು ಯಾರೂ ಮತ್ತೆ ಮಾಡಿರಲಿಲ್ಲ.

ವರ್ಕ್‌ಶಾಪಿನಲ್ಲಿ ಎಂ-20 ಸಿಗದೆ ಎಂ-16 ಹಾಕುವುದು, 8.8ರ ಬದಲು ಗುರುತಿಲ್ಲದ ಬೋಲ್ಟು ಕೊಡುವುದು, ರಂಧ್ರ ಕೂಡದಿದ್ದಾಗ ಗ್ಯಾಸಿನಿಂದ ಅಗಲಿಸುವುದು ಇವೆಲ್ಲ ಅದೇ ಜಾತಿಯ ಬದಲಾವಣೆಗಳು. ಮಾರಾಟಗಾರರು ದರ್ಜೆಯ ಗುರುತು ಹಾಗೂ ಪರೀಕ್ಷಾ ಪ್ರಮಾಣಪತ್ರವುಳ್ಳ ಬೋಲ್ಟುಗಳನ್ನು ಬೇರೆಯಾಗಿಯೇ ದಾಸ್ತಾನು ಮಾಡುವುದು, ತಯಾರಕರು ಪ್ರತಿ ಬದಲಾವಣೆಗೂ ವಿನ್ಯಾಸಕಾರರ ಲಿಖಿತ ಒಪ್ಪಿಗೆ ಪಡೆದು ಕಡತದಲ್ಲಿಡುವುದು ಉತ್ತಮ. ಬೋಲ್ಟಿನ ಬೆಲೆಯಲ್ಲಿ ಉಳಿಸುವ ಕೆಲವು ರೂಪಾಯಿಗಳಿಗೂ, ಹಾರಿಹೋದ ಛಾವಣಿಯ ಕೆಳಗಿನ ಸರಕಿಗೂ ಕೆಲಸಗಾರರ ಜೀವಕ್ಕೂ ಹೋಲಿಕೆಯೇ ಸಲ್ಲದು.