ನಿಂಬೆ ಗಿಡ ಕೊಳ್ಳುವ ಮೊದಲು ಕಸಿ ಗಂಟು ನೋಡಿ

ಬೇಸಿಗೆಯಲ್ಲಿ ನಿಂಬೆಹಣ್ಣಿನ ರೇಟು ಏರಿದ ಕೂಡಲೇ ನನ್ನ ಫೋನಿಗೆ ಒಂದೇ ಪ್ರಶ್ನೆ ಬರೋಕೆ ಶುರುವಾಗುತ್ತೆ: "ಅಣ್ಣಾ, ಒಳ್ಳೆ ನಿಂಬೆ ಗಿಡ ಎಲ್ಲಿ ಸಿಗುತ್ತೆ?" ಅದಕ್ಕೆ ಉತ್ತರ ಹೇಳೋ ಮುಂಚೆ ನನ್ನದೇ ತೋಟದ ಕಥೆ ಹೇಳಿಬಿಡ್ತೀನಿ. ನಾಲ್ಕು ವರ್ಷ ಕಳೆದುಕೊಂಡು ಕಲಿತ ಪಾಠ ಇದು.

ತೋಟಗಾರಿಕೆ ಪದವಿ ಮುಗಿಸಿ ನರಸಾಪುರದ ಹತ್ತಿರದ ನಮ್ಮ ಹೊಲಕ್ಕೆ ವಾಪಸ್ ಬಂದಾಗ ನನಗೆ ಎಲ್ಲಾ ಗೊತ್ತು ಅನ್ನೋ ಭಾವನೆ ಇತ್ತು. ಒಂದು ಎಕರೆಗೆ 5 ಮೀಟರ್ ಅಂತರದಲ್ಲಿ 160 ಕಸಿ ನಿಂಬೆ ಗಿಡ ತಂದೆ. ಕೂಲಿಗೆ ಸಿಕ್ಕಿದ್ದು ಇಬ್ಬರೇ. ಕೈಗಾರಿಕಾ ಪ್ರದೇಶ ಬಂದ ಮೇಲೆ ನಮ್ಮ ಕಡೆ ಆಳು ಸಿಗೋದು ಹೇಗಿದೆ ಅಂತ ನಿಮಗೂ ಗೊತ್ತು. ಸಂಜೆಯೊಳಗೆ ಮುಗಿಸಬೇಕು ಅಂತ ಅವಸರ ಮಾಡಿದೆ. ಗಿಡ ಗಾಳಿಗೆ ಅಲ್ಲಾಡಬಾರದು ಅಂತ ಅವರು ಕಾಂಡದ ಸುತ್ತ ಮಣ್ಣು ಏರಿಸಿ ತುಳಿದರು. ಕಸಿ ಗಂಟು ಮಣ್ಣಿನೊಳಗೆ ಹೋಯಿತು. ನಾನು ನೋಡಿದೆ, ಏನೂ ಅನ್ನಲಿಲ್ಲ.

ಎರಡನೇ ವರ್ಷ ಕೆಲವು ಗಿಡಗಳು ಭಾರಿ ಜೋರಾಗಿ ಬೆಳೆದವು. ಜೀವಾಮೃತದ ಪ್ರಭಾವ ಅಂತ ಖುಷಿಪಟ್ಟೆ, ಫೋಟೊ ಕೂಡ ಹಾಕಿದೆ. ನಾಲ್ಕನೇ ವರ್ಷ ಅದೇ ಗಿಡಗಳಲ್ಲಿ ಹಣ್ಣು ಬಂತು. ಹಳದಿ ಆಗಬೇಕಾದ ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿತು, ಸಿಪ್ಪೆ ಸಡಿಲ, ಒಳಗೆ ಕೆಂಪು ತೊಳೆ, ಬಾಯಿಗಿಟ್ಟರೆ ಹಲ್ಲು ಚುಳ್ ಅನ್ನೋ ಹುಳಿ. ಅಪ್ಪ ಒಂದು ಮೂಟೆ ಮಂಡಿಗೆ ತಗೊಂಡು ಹೋದರು. ಅಲ್ಲಿದ್ದವರು ಒಂದು ಹಣ್ಣು ಕತ್ತರಿಸಿ ನೋಡಿ, "ಇದು ನಿಂಬೆನೋ ಕಿತ್ತಳೆನೋ, ನಿನ್ನ ಮಗನ್ನೇ ಕೇಳಪ್ಪ" ಅಂದರಂತೆ. ಅಪ್ಪ ಮೂಟೆ ವಾಪಸ್ ತಂದು ತಿಪ್ಪೆ ಪಕ್ಕ ಇಟ್ಟರು. ನನಗೆ ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಣಿಸಿದಾಗ ಅಂಥ ಗಿಡ 47 ಇದ್ದವು. ಇನ್ನೂ ಇಪ್ಪತ್ತೊಂದರಲ್ಲಿ ಬುಡದಿಂದ ಗೋಂದು ಸೋರುತ್ತಿತ್ತು.

ಆಗಿದ್ದು ಇಷ್ಟೇ. ಕಸಿ ಗಿಡ ಅಂದರೆ ಎರಡು ಗಿಡ ಸೇರಿ ಒಂದಾಗಿದ್ದು. ಕೆಳಗೆ ಬೇರುಸಸಿ, ಅಂದರೆ ನರ್ಸರಿಯವರು ಹೇಳೋ ರೂಟ್‌ಸ್ಟಾಕ್. ನಮ್ಮ ಕಡೆ ಅದು ಹೆಚ್ಚಾಗಿ ರಂಗಪುರ ನಿಂಬೆ. ಬರ ತಡೆಯುತ್ತೆ, ಟ್ರಿಸ್ಟೆಜಾ ವೈರಸ್ಸನ್ನೂ ಸಹಿಸಿಕೊಳ್ಳುತ್ತೆ, ಅದಕ್ಕೇ ಅದನ್ನ ಬಳಸ್ತಾರೆ. ಮೇಲೆ ನಮಗೆ ಬೇಕಾದ ತಳಿಯ ಕಣ್ಣು ಕೂರಿಸಿರ್ತಾರೆ. ಗಂಟಿನ ಕೆಳಗಿಂದ ಬರೋ ಚಿಗುರೆಲ್ಲ ರಂಗಪುರದ್ದೇ. ಗಂಟು ಮಣ್ಣಲ್ಲಿ ಹೂತುಹೋದರೆ ಯಾವ ಚಿಗುರು ಎಲ್ಲಿಂದ ಬಂತು ಅಂತ ಕಾಣೋದೇ ಇಲ್ಲ. ಕಾಡು ಸ್ವಭಾವದ ಬೇರುಸಸಿ ಮೇಲೆದ್ದು ಒಳ್ಳೆ ತಳಿಯನ್ನ ತುಳಿದುಹಾಕುತ್ತೆ. ಇನ್ನು ಗಂಟಿನ ಮೇಲಿನ ತೊಗಟೆಗೆ ಒದ್ದೆ ಮಣ್ಣು ತಾಗಿಕೊಂಡೇ ಇದ್ದರೆ ಫೈಟಾಫ್ತೊರಾ ಶಿಲೀಂಧ್ರ ಒಳಗೆ ಹೋಗುತ್ತೆ. ಗೋಂದು ಸೋರೋದು ಅದರಿಂದ.

ಆದ್ದರಿಂದ ಗಿಡ ಕೊಳ್ಳುವಾಗ ಎಲೆಗಿಂತ ಮೊದಲು ಗಂಟು ನೋಡಿ. ಮಣ್ಣಿನಿಂದ ಒಂದು ಗೇಣು ಮೇಲಿರಬೇಕು, ಅಂದರೆ 20 ಸೆಂಟಿಮೀಟರ್‌ಗೆ ಕಡಿಮೆ ಬೇಡ. ನೂರು ಗಿಡ ಕೊಳ್ಳೋರು ಒಂದು ಗಿಡದ ದುಡ್ಡು ಹೋದರೂ ಪರವಾಗಿಲ್ಲ, ಚೀಲ ಹರಿದು ಬೇರು ನೋಡಿ. ತಾಯಿಬೇರು ಕೊಕ್ಕೆ ಥರ ಬಾಗಿದ್ದರೆ, ಬೇರುಗಳು ಚೀಲದೊಳಗೆ ಸುತ್ತು ಹಾಕಿಕೊಂಡಿದ್ದರೆ ಆ ಲಾಟ್ ಬಿಟ್ಟುಬಿಡಿ. ಎಲೆ ಮೇಲೆ ಹಳದಿ ಅಂಚಿನ ಒರಟು ಕಂದು ಚುಕ್ಕೆ ಇದ್ದರೆ ಅದು ಕಜ್ಜಿ ರೋಗ. ದುಡ್ಡು ಕೊಟ್ಟು ರೋಗ ಮನೆಗೆ ತಂದ ಹಾಗೆ. ರಾಷ್ಟ್ರೀಯ ತೋಟಗಾರಿಕೆ ಮಂಡಳಿಯ ಮಾನ್ಯತೆ ಇರೋ ನರ್ಸರಿಗಳಿವೆ, ಅಲ್ಲೂ ಈ ಪರೀಕ್ಷೆ ಬಿಡಬೇಡಿ. ಬಿಲ್ ತಗೊಳ್ಳಿ, ತಾಯಿಮರ ತೋರಿಸಿ ಅಂತ ಕೇಳಿ. ಕಣ್ಣು ತೆಗೆದ ಮರ ತೋರಿಸದವರ ಹತ್ತಿರ ನಾನು ಈಗ ಕೊಳ್ಳೋದಿಲ್ಲ.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ: ನಿಂಬೆಯೊಂದಕ್ಕೆ ಕಸಿ ಗಿಡವೇ ಬೇಕು ಅಂತೇನಿಲ್ಲ. ಕಾಗ್ಜಿ ನಿಂಬೆ, ಅಂದರೆ ಅಂಗಡೀಲಿ ಸಿಗೋ ತೆಳು ಸಿಪ್ಪೆ ನಿಂಬೆಯ ಒಂದು ಬೀಜ ಹಾಕಿದರೆ ಎರಡು ಮೂರು ಸಸಿ ಬರೋದನ್ನ ನೋಡಿರ್ತೀರಿ. ಅವುಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದಿಂದ ಹುಟ್ಟಿದ್ದಲ್ಲ, ತಾಯಿಯ ಅಂಗಾಂಶದಿಂದಲೇ ಹುಟ್ಟಿದ್ದು. ಹಾಗಾಗಿ ಅವು ತಾಯಿಮರದ ನಕಲು. ವಿಜಯಪುರದ ಇಂಡಿ ಕಡೆ ನಿಂಬೆ ಸೀಮೆ ಅಂತಲೇ ಹೆಸರಾಗಿದೆ, ಅಲ್ಲಿನ ನಿಂಬೆಗೆ ಜಿಐ ಮಾನ್ಯತೆಯೂ ಇದೆ. ಬೀಜದ ಸಸಿಯ ನಿಂಬೆ ತೋಟಗಳು ಅಲ್ಲಿ ಹೊಸತೇನಲ್ಲ.

ಇದನ್ನೇ ನಂಬಿಕೊಂಡು ಚಕ್ಕೋತ ಬೀಜ ಹಾಕಬೇಡಿ. ದೇವನಹಳ್ಳಿ ಚಕ್ಕೋತ ಎಷ್ಟು ರುಚಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಆದರೆ ಚಕ್ಕೋತದ ಬೀಜದಲ್ಲಿ ಒಂದೇ ಭ್ರೂಣ ಇರೋದು, ಅದೂ ಪರಾಗಸ್ಪರ್ಶದ್ದು. ಸಿಹಿ ಹಣ್ಣಿನ ಬೀಜ ಹಾಕಿದರೆ ಕಹಿ ಹಣ್ಣಿನ ಮರ ಬರಬಹುದು, ಅದೂ ಏಳೆಂಟು ವರ್ಷ ಕಾದ ಮೇಲೆ. ಚಕ್ಕೋತಕ್ಕೆ ಗೂಟಿ ಕಟ್ಟಿ. ಮಳೆಗಾಲದ ಶುರುವಿನಲ್ಲಿ ಹೆಬ್ಬೆರಳಿಗಿಂತ ಸಣ್ಣ ಕೊಂಬೆಯಲ್ಲಿ ಒಂದು ಅಂಗುಲ ಅಗಲ ತೊಗಟೆ ಉಂಗುರದ ಹಾಗೆ ತೆಗೆದು, ಜಾರುವ ಪದರವನ್ನ ಚಾಕುವಿನ ಬೆನ್ನಿಂದ ಕೆರೆದು, ಒದ್ದೆ ತೆಂಗಿನ ನಾರಿನ ಪುಡಿ ಮೆತ್ತಿ ಪ್ಲಾಸ್ಟಿಕ್ ಸುತ್ತಿ. ಎರಡು ತಿಂಗಳಲ್ಲಿ ಬೇರು ಕಾಣುತ್ತೆ. ಗೂಟಿ ಗಿಡಕ್ಕೆ ತಾಯಿಬೇರು ಇರೋದಿಲ್ಲ, ಮೊದಲ ಎರಡು ವರ್ಷ ಊರುಗೋಲು ಬೇಕೇ ಬೇಕು. ಮೋಸಂಬಿ, ಕಿತ್ತಳೆಗೆ ಕಣ್ಣು ಕಸಿಯೇ ಸರಿ.

ನಿಂಬೆ ಸಸಿ ಮಾಡೋರು ಮೊದಲು ತಾಯಿಮರ ಹುಡುಕಿ. ಊರಲ್ಲಿ ಹತ್ತು ವರ್ಷ ದಾಟಿದ, ಪ್ರತಿವರ್ಷ ಬಿಡುವ, ಬೇಸಿಗೇಲೂ ಒಂದಿಷ್ಟು ಹಣ್ಣು ಕೊಡುವ ಮರ ಯಾರದೋ ಹಿತ್ತಲಲ್ಲಿ ಇದ್ದೇ ಇರುತ್ತೆ. ಇಲ್ಲಿ ಫೋನು ಕೆಲಸಕ್ಕೆ ಬರುತ್ತೆ: ಮೂರ‍್ನಾಲ್ಕು ಮರ ಆರಿಸಿಕೊಂಡು ತಿಂಗಳಿಗೊಂದು ಫೋಟೊ ತೆಗೀರಿ. ವರ್ಷದ ಕೊನೆಗೆ ಯಾವ ಮರ ಯಾವಾಗ ಬಿಟ್ಟಿತು ಅಂತ ಕಣ್ಣಮುಂದೆ ಇರುತ್ತೆ. ನಮ್ಮ ಪಕ್ಕದ ತೋಟದ ತಾತ ನಾನು ಅವರ ಮರದ ಫೋಟೊ ತೆಗೆಯೋದು ನೋಡಿ, "ಏನಪ್ಪಾ, ಮರಕ್ಕೆ ಹೆಣ್ಣು ನೋಡ್ತಿದ್ದೀಯಾ?" ಅಂತ ನಕ್ಕಿದ್ದರು. ಕೊನೆಗೆ ಬೀಜ ತಗೊಂಡಿದ್ದು ಅವರ ಮರದಿಂದಲೇ.

ಜುಲೈ, ಆಗಸ್ಟ್‌ನಲ್ಲಿ ನಿಂಬೆ ರೇಟು ನೆಲ ಕಚ್ಚಿದಾಗ ಬೀಜಕ್ಕೆ ಹಣ್ಣು ಕೀಳಿ. ಮರದಿಂದಲೇ ಕೀಳಬೇಕು, ಕೆಳಗೆ ಬಿದ್ದ ಹಣ್ಣಿನ ಜೊತೆ ಫೈಟಾಫ್ತೊರಾ ಬರಬಹುದು. ಬೀಜ ತೊಳೆದು ಬೂದಿಯಲ್ಲಿ ಉಜ್ಜಿ ಲೋಳೆ ತೆಗೆದು, ನೆರಳಲ್ಲಿ ಒಂದು ದಿನ ಆರಿಸಿ, ತಡ ಮಾಡದೆ ಬಿತ್ತಿ. ಬಿಸಿಲಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತುಹೋಗುತ್ತೆ. ಮೊಳಕೆ ಬರಲಿಲ್ಲ ಅಂತ ಫೋನ್ ಮಾಡೋರಲ್ಲಿ ಹೆಚ್ಚಿನವರು ಮಾಡಿರೋದು ಇದನ್ನೇ. 52 ಡಿಗ್ರಿ ಬಿಸಿನೀರಲ್ಲಿ 10 ನಿಮಿಷ ಅದ್ದಿದರೆ ಶಿಲೀಂಧ್ರ ಸಾಯುತ್ತೆ, ಆದರೆ ಥರ್ಮಾಮೀಟರ್ ಇಲ್ಲದೆ ಆ ಸಾಹಸ ಬೇಡ, ಬೀಜ ಬೆಂದುಹೋಗುತ್ತೆ.

ಮಡಿಯನ್ನ ಬೇಸಿಗೆಯಲ್ಲೇ ತಯಾರು ಮಾಡಿ, ನೀರು ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ತಿಂಗಳು ಬಿಸಿಲಿಗೆ ಬಿಡಿ. ಕೋಲಾರದ ಏಪ್ರಿಲ್ ಬಿಸಿಲು ಬೇರೆ ಯಾವುದಕ್ಕೆ ಇದೆ? ಆಮೇಲೆ ಟ್ರೈಕೋಡರ್ಮ ಬೆರೆಸಿದ ಕೊಟ್ಟಿಗೆ ಗೊಬ್ಬರ ಹಾಕಿ. ಬೀಜ ಒಂದು ಸೆಂಟಿಮೀಟರ್ ಆಳಕ್ಕಿಂತ ಹೆಚ್ಚು ಹೋಗಬಾರದು. ಎರಡು ಮೂರು ವಾರದಲ್ಲಿ ಮೊಳಕೆ ಬರುತ್ತೆ. ಸಸಿ ನಾಲ್ಕು ಬೆರಳು ಎತ್ತರ ಆದಾಗ ಒಂದೇ ಸಮ ಇರೋದನ್ನ ಉಳಿಸಿಕೊಂಡು, ತೀರಾ ಸೊರಗಿದ್ದು, ಎಲೆ ಆಕಾರ ಬೇರೆ ಇರೋದು, ಎಲ್ಲವನ್ನೂ ಕಿತ್ತೆಸೆಯಿರಿ. ಪರಾಗಸ್ಪರ್ಶದಿಂದ ಹುಟ್ಟಿದವು ಹೆಚ್ಚಾಗಿ ಇವುಗಳಲ್ಲೇ ಇರೋದು. ಕರುಣೆ ಬೇಡ. ನಾನು ನೂರಕ್ಕೆ ನಲವತ್ತು ಎಸೀತೀನಿ. ಚೀಲಕ್ಕೆ ಹಾಕುವಾಗ ಬೇರು ನೆಟ್ಟಗಿದೆಯಾ ಅಂತ ಒಂದೊಂದನ್ನೂ ನೋಡಿ.

ಸಸಿಗಳನ್ನ ಸಣ್ಣ ಕಣ್ಣಿನ ಬಲೆಯೊಳಗೆ ಇಡಿ. ಟ್ರಿಸ್ಟೆಜಾ ಬೀಜದಿಂದ ಬರೋದಿಲ್ಲ, ಸಸ್ಯಹೇನಿನಿಂದ ಬರುತ್ತೆ. ಗ್ರೀನಿಂಗ್ ರೋಗ ಸಿಲ್ಲಿಡ್ ಅನ್ನೋ ಚಿಕ್ಕ ಜಿಗಿಹುಳದಿಂದ ಹರಡುತ್ತೆ. ಕೊಡಗಿನ ಕಿತ್ತಳೆಗೆ ದೊಡ್ಡ ಪೆಟ್ಟು ಕೊಟ್ಟ ರೋಗಗಳಲ್ಲಿ ಇವೆರಡೂ ಇವೆ. ಕರಿಬೇವಿನ ಗಿಡದಲ್ಲಿ ಸಿಲ್ಲಿಡ್ ಕೂಡ, ನಿಂಬೆ ಚಿಟ್ಟೆ ಕೂಡ ಮರಿ ಮಾಡುತ್ತೆ, ಸಸಿಮಡಿ ಪಕ್ಕ ಅದು ಬೇಡ. ಹಕ್ಕಿ ಹಿಕ್ಕೆ ಥರ ಕಾಣೋ ಹುಳ ಎಲೆ ಮೇಲಿದ್ದರೆ ಅದು ಚಿಟ್ಟೆಯದ್ದು, ಕೈಯಲ್ಲೇ ಆರಿಸಿ. ಎಲೆಯಲ್ಲಿ ಬಿಳಿ ಗೆರೆ ಎಳೆಯೋ ರಂಗೋಲಿ ಹುಳುವಿಗೆ ಚಿಗುರು ಬರುವಾಗಲೇ ಬೇವಿನೆಣ್ಣೆ. ಅದು ಮಾಡಿದ ಗಾಯದಿಂದಲೂ ಕಜ್ಜಿ ಒಳಗೆ ಹೋಗುತ್ತೆ. ಕಜ್ಜಿಗೆ ಶೇ. 1ರ ಬೋರ್ಡೋ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 10 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಆಮೇಲೆ ಬೆರೆಸಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಸಾವಯವ ಪ್ರಮಾಣಪತ್ರ ಇರೋರು ತಾಮ್ರದ ಮಿತಿ ಕೇಳಿಕೊಂಡೇ ಬಳಸಿ.

ಬೀಜದ ಗಿಡಕ್ಕೆ ಒಂದು ತೊಂದರೆ ಇದೆ, ಮುಚ್ಚಿಡೋದಿಲ್ಲ. ಕಸಿ ಗಿಡ ಮೂರನೇ ವರ್ಷಕ್ಕೆ ಹಣ್ಣು ತೋರಿಸಿದರೆ ಇದು ನಾಲ್ಕೈದು ವರ್ಷ ಕಾಯಿಸುತ್ತೆ. ಮುಳ್ಳೂ ಜಾಸ್ತಿ. ಆ ಅವಧಿಗೆ ಸಾಲುಗಳ ಮಧ್ಯೆ ಅಲಸಂದೆ, ಅವರೆ, ಹುರುಳಿ ಹಾಕಿ ದುಡಿಮೆ ಮಾಡಿಕೊಳ್ಳಬೇಕು. ಸಾಲ ಮಾಡಿ ತೋಟ ಹಾಕ್ತಿರೋರು, ಮೂರನೇ ವರ್ಷಕ್ಕೆ ಕಂತು ಕಟ್ಟಲೇಬೇಕು ಅನ್ನೋರು, ಒಳ್ಳೆ ಕಸಿ ಗಿಡವನ್ನೇ ತಗೊಳ್ಳಿ.

ನೆಡೋ ಜಾಗದ ಬಗ್ಗೆ ಒಂದು ಮಾತು. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರತೊಡಗಿದ ಮೇಲೆ ಕೆರೆ ಕೆಳಗಿನ ಜಮೀನು ಮೊದಲಿನ ಹಾಗಿಲ್ಲ. ತಗ್ಗಿನ ಹೊಲ ಇರೋರು ಮಳೆಗಾಲದಲ್ಲಿ ಮೂರಡಿ ಗುಂಡಿ ತೆಗೆದು ನೀರು ತುಂಬಿಸಿ ನೋಡಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ನಿಂಬೆ ಬೇಡ. ಉಳಿದ ಕಡೆ ಎರಡಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ. ಗಿಡ ಚೀಲದಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಆಳ, ಸುತ್ತಲ ನೆಲಕ್ಕಿಂತ ಸ್ವಲ್ಪ ಎತ್ತರವಾಗಿಯೇ ನೆಡಿ. ಡ್ರಿಪ್ ಹನಿ ಕಾಂಡಕ್ಕೆ ಬೀಳದೆ ಒಂದಡಿ ದೂರ ಬೀಳಲಿ.

ಈಗಾಗಲೇ ನನ್ನ ಥರ ಮೋಸಹೋದವರು ಗಿಡ ಕಿತ್ತುಹಾಕಬೇಡಿ. ಬುಡದ ಮಣ್ಣು ಸರಿಸಿ ಗಂಟು ಹುಡುಕಿ. ಅದರ ಕೆಳಗಿನ ಚಿಗುರು ಸಣ್ಣದಿದ್ದರೆ ಕತ್ತರಿ ಹಾಕದೆ ಬುಡಸಮೇತ ಕೈಯಲ್ಲಿ ಸೀಳಿ ತೆಗೆಯಿರಿ, ಕತ್ತರಿಸಿದರೆ ಮತ್ತೆ ನಾಲ್ಕು ಬರುತ್ತೆ. ಪೂರ್ತಿ ರಂಗಪುರವೇ ಆಗಿದ್ದು ಬೇರು ಆರೋಗ್ಯವಾಗಿದ್ದರೆ ಅದರ ಮೇಲೇ ನಿಂಬೆ ಕಣ್ಣು ಕೂರಿಸಬಹುದು. ಮರ ಕಡಿದು, ಹೊಸದಾಗಿ ಬಂದ ಚಿಗುರು ಪೆನ್ಸಿಲ್ ದಪ್ಪ ಆದಾಗ, ತೊಗಟೆ ಸಲೀಸಾಗಿ ಬಿಡುವ ದಿನಗಳಲ್ಲಿ, ಟಿ ಆಕಾರದಲ್ಲಿ ಸೀಳಿ ಕಣ್ಣು ತೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಮೂರು ವಾರಕ್ಕೆ ಬಿಚ್ಚಿ ನೋಡಿದಾಗ ಕಣ್ಣು ಹಸಿರಾಗಿದ್ದರೆ ಹಿಡಿದಿದೆ. ನನ್ನ 47ರಲ್ಲಿ 29 ಹೀಗೆ ಉಳಿದವು. ಉಳಿದ 18 ಗುಂಡಿಗಳಲ್ಲಿ ತಾತನ ಮರದ ಬೀಜದ ಗಿಡಗಳಿವೆ. ಹೋದ ಬೇಸಿಗೆಯಲ್ಲಿ ಅಪ್ಪ ಅವುಗಳ ಮೊದಲ ಮೂಟೆ ಅದೇ ಮಂಡಿಗೆ ತಗೊಂಡು ಹೋದರು.

ಬೇಸಿಗೆಗೆ ಹಣ್ಣು ಸಿಗೋ ಹಾಗೆ ಮಳೆಗಾಲದ ಕೊನೆಗೆ ಹೂ ಬಿಡಿಸೋದು ಹೇಗೆ ಅನ್ನೋದನ್ನ ಇನ್ನೊಂದು ವಾರ ಬರೀತೀನಿ. ಅಷ್ಟರಲ್ಲಿ ಎಲೆ ಫೋಟೊ ಕಳಿಸೋರು ದಯವಿಟ್ಟು ಎಲೆಯನ್ನ ಬೆಳಕಿಗೆ ಹಿಡಿದು, ನಡುನರದ ಎರಡೂ ಕಡೆ ಕಾಣೋ ಹಾಗೆ ತೆಗೀರಿ. ಎರಡೂ ಕಡೆ ಒಂದೇ ಥರ ಹಳದಿ ಇದ್ದರೆ ಹೆಚ್ಚಾಗಿ ಸತುವಿನಂಥ ಪೋಷಕಾಂಶದ ಕೊರತೆ, ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಮಚ್ಚೆ ಇದ್ದರೆ ಗ್ರೀನಿಂಗ್ ಅನುಮಾನ. ದೂರದಿಂದ ತೆಗೆದ ಇಡೀ ಗಿಡದ ಫೋಟೊ ನೋಡಿ ನಾನು ಏನೂ ಹೇಳೋಕಾಗಲ್ಲ.