ಲೆಕ್ಕದಲ್ಲಿ ಬಿಟ್ಟುಹೋದ ಭಿಕ್ಖು

 

ಇಂದಿನ ಚಿಂತನೆಗೆ ಚೂಳಪಂಥಕನ ಕಥೆ. ನಿಮಗೆ ಗೊತ್ತಿರುವುದೇ. ಆದರೆ ಅದರ ಕೊನೆಯ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ.

ನಾಲ್ಕು ತಿಂಗಳು ಕಳೆದರೂ ಚೂಳಪಂಥಕನಿಗೆ ಒಂದು ಗಾಥೆ ಬಾಯಿಪಾಠ ಬರಲಿಲ್ಲ. ಅವನ ಅಣ್ಣ ಮಹಾಪಂಥಕನೂ ಭಿಕ್ಖುವೇ. ನಿನ್ನಿಂದಾಗದು, ಮನೆಗೆ ಹೋಗು ಎಂದುಬಿಟ್ಟ. ಹೊರಟುನಿಂತವನನ್ನು ಬುದ್ಧರು ಬಾಗಿಲಲ್ಲೇ ತಡೆದು, ಒಂದು ಶುಭ್ರವಾದ ಬಟ್ಟೆ ಕೊಟ್ಟು, ಧೂಳು ಒರೆಸುವ ಮಾತೊಂದನ್ನೇ ಹೇಳಿಕೊಳ್ಳುತ್ತ ಇದನ್ನು ಉಜ್ಜುತ್ತಿರು ಎಂದರು. ಬಟ್ಟೆ ತನ್ನ ಕೈಯಲ್ಲೇ ಮಾಸುತ್ತ ಬಂದದ್ದನ್ನು ಕಂಡು ಅವನಿಗೆ ಅನಿತ್ಯ ತಿಳಿಯಿತು. ಕಿವಿಯಿಂದ ಹೋಗದ ಪಾಠ ಕೈಯಿಂದ ಒಳಗೆ ಹೋಯಿತು.

ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನಡೆದದ್ದೂ ಇಂಥದೇ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ, ಕಿವಿಯ ದಾರಿಯಿಂದ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಅಂಧರೇ ಆಗಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಕೆಲಸ ನಡೆಸಿದರು.

ಇನ್ನು ಕಥೆಯ ಕೊನೆ. ಆ ದಿನ ವೈದ್ಯ ಜೀವಕನ ಮನೆಯಲ್ಲಿ ಭೋಜನ. ಊಟಕ್ಕೆ ಬರುವವರ ಲೆಕ್ಕ ಕೊಡುವುದು ಮಹಾಪಂಥಕನ ಕೆಲಸ, ಅವನು ತಮ್ಮನನ್ನು ಬಿಟ್ಟು ಲೆಕ್ಕ ಕೊಟ್ಟಿದ್ದ. ಬುದ್ಧರು ಪಾತ್ರೆಗೆ ಕೈ ಅಡ್ಡ ಇಟ್ಟು, ವಿಹಾರದಲ್ಲಿ ಇನ್ನೂ ಒಬ್ಬರಿದ್ದಾರಲ್ಲ ಎಂದರು. ಆಳು ಹೋಗಿ ಕರೆತರಬೇಕಾಯಿತು. (ನಡುವೆ ಬರುವ ಪವಾಡವನ್ನು ನಾನು ಬಿಟ್ಟಿದ್ದೇನೆ, ನನಗೆ ಈ ಕೈಯೇ ಸಾಕು.)

ಶಾಲೆಯಲ್ಲಿ ಬಿಸಿಯೂಟದ ಲೆಕ್ಕ ಬರೆಯುವವಳು ನಾನು. ದಾಖಲಾತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಸೆರೆಬ್ರಲ್ ಪಾಲ್ಸಿ, ‘ಗೃಹಾಧಾರಿತ ಶಿಕ್ಷಣ’ ಎಂದು ಬರೆದಿದೆ. ಬರೆದವಳೂ ನಾನೇ. ವಿಶೇಷ ಶಿಕ್ಷಕರು ಆಗಾಗ ಮನೆಗೆ ಹೋಗುತ್ತಿದ್ದರು, ಹಾಗಾಗಿ ನಾನು ಎರಡು ವರ್ಷ ಹೋಗಲೇ ಇಲ್ಲ. ಈ ಕಥೆ ಓದಿದ ಭಾನುವಾರದ ಮರುದಿನ ಹೋದೆ. ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇದೆ. ತಾಯಿ ಹೇಳಿದಳು: “ಗಂಟಿ ಹೊಡದ್ರ ಸಾಕ್ರೀ ಅಕ್ಕೋರ, ಬಾಗಲಾ ನೋಡಕೋತ ಕುಂದರತಾಳ.” ಆಮೇಲೆ ತಾನೇ ಅಂದಳು: “ಹಿಂದಿನ ಜನ್ಮದ ಕರ್ಮಾರೀ.”

ಚೂಳಪಂಥಕನ ಮಂದಬುದ್ಧಿಗೂ ಅಟ್ಠಕಥೆ ಹಿಂದಿನ ಜನ್ಮದ ಕಾರಣ ಹೇಳುತ್ತದೆ, ಮುಚ್ಚಿಡುವುದಿಲ್ಲ. ಆದರೆ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಕೇಳಿದಾಗ ಬುದ್ಧರು ಪಿತ್ತ, ಕಫ, ವಾತ, ಋತು, ಪೆಟ್ಟು ಹೀಗೆ ನೋವಿನ ಕಾರಣಗಳನ್ನು ಎಣಿಸಿ, ಎಲ್ಲವನ್ನೂ ಪೂರ್ವಕರ್ಮಕ್ಕೆ ಕಟ್ಟುವುದು ತಪ್ಪು ಎನ್ನುತ್ತಾರೆ. ಸೆರೆಬ್ರಲ್ ಪಾಲ್ಸಿ ಬರುವುದು ಬೆಳೆಯುತ್ತಿರುವ ಮೆದುಳಿಗೆ ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲಕ್ಕೆ ಆದ ಹಾನಿಯಿಂದ. ಆ ತಾಯಿಗೆ ಇದನ್ನು ಇಲ್ಲಿಯತನಕ ಯಾರೂ ಬಿಡಿಸಿ ಹೇಳಿರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಮನೆಪಾಠ ಬೇಕೋ ಬೇಡವೋ ಎಂದು ಆರಿಸಬೇಕಾದವರು ಮನೆಯವರು. ನಾನು ಕೇಳಿಯೇ ಇರಲಿಲ್ಲ.

ಈಗ ಮಂಗಳವಾರ, ಶುಕ್ರವಾರ ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಅನ್ನ ಮೆತ್ತಗೆ ಕಿವುಚಿ, ತಲೆ ನೆಟ್ಟಗೆ ಹಿಡಿದು ಉಣಿಸಬೇಕು, ಅವಸರ ಮಾಡಿದರೆ ನೆತ್ತಿಗೇರುತ್ತದೆ. ಅದಕ್ಕೆ ತಾಯಿ ಜೊತೆಗೇ ಕೂರುತ್ತಾಳೆ, ಅವಳ ಎರಡು ದಿನದ ಕೂಲಿ ಹೋಗುತ್ತದೆ. ಉಳ್ಳಾಗಡ್ಡಿ ಕೀಳುವ ಕೆಲಸ ಶುರುವಾದರೆ ಆಕೆ ಹೊಲಕ್ಕೆ ಹೋಗಲೇಬೇಕು, ಹುಡುಗಿ ಮತ್ತೆ ಮನೆಯಲ್ಲೇ. ನಮ್ಮ ಬಳಗದ ಉಪಾಸಿಕೆಯರಲ್ಲಿ ಇಬ್ಬರು ಆ ಎರಡು ದಿನ 11ರಿಂದ 2 ಗಂಟೆವರೆಗೆ ಬಂದು ಕೂರಲು ಆಗುತ್ತದೆಯೇ? ಉಣಿಸುವ ರೀತಿಯನ್ನು ತಾಯಿಯೇ ತೋರಿಸಿಕೊಡುತ್ತಾಳೆ. ಭಾನುವಾರದ ಓದಿಗೆ ಬಂದಾಗ ನನಗೆ ಹೇಳಿ, ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದಿದ್ದೇನೆ.