ಮೇಕೆ, ಹುಡುಗ, ಬೆತ್ತಲೆ ಮನುಷ್ಯ

ಪ್ರೀತಿಯ ಕಿರಿಯ ಗೆಳತಿಗೆ,

ಸಾಕ್ಷ್ಯಚಿತ್ರದ ಕೆಲಸ ಸಿಕ್ಕ ಮೇಲೆ ಸ್ಟಿಲ್ ಕ್ಯಾಮೆರಾ ಬೀರು ಸೇರಿತೆಂದು ಬರೆದಿದ್ದೀಯ. ಹಳೆಯ ಫೋಟೋಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುತ್ತಿಲ್ಲ, ಅಳಿಸಿಬಿಡಲೇ ಎಂದೂ ಕೇಳಿದ್ದೀಯ. ಅದಕ್ಕೂ ಮೊದಲು ಫ್ರೆಂಚ್ ನಿರ್ದೇಶಕಿ ಆನ್ಯೆಸ್ ವಾರ್ದಾ ಅವರ ‘ಉಲಿಸ್’ ನೋಡು. ಬರೀ 22 ನಿಮಿಷದ ಚಿತ್ರ.

1954ರ ಮೇ 9, ಭಾನುವಾರ. ಫ್ರಾನ್ಸಿನ ಉತ್ತರದ ಒಂದು ಕಲ್ಲು ಹಾಸಿದ ಕಡಲತೀರದಲ್ಲಿ ವಾರ್ದಾ ಒಂದು ಕಪ್ಪು-ಬಿಳುಪು ಫೋಟೋ ತೆಗೆದರು. ಕಡಲಿಗೆ ಮುಖ ಮಾಡಿ ನಿಂತ ಬೆತ್ತಲೆ ಗಂಡಸು, ಕಲ್ಲುಗಳ ಮೇಲೆ ಕೂತ ಪುಟ್ಟ ಹುಡುಗ, ಮುಂದೆ ಸತ್ತು ಬಿದ್ದ ಮೇಕೆ. ಇಪ್ಪತ್ತೈದರ ವಾರ್ದಾ ಆಗ ಝಾನ್ ವಿಲಾರ್ ಅವರ ನಾಟಕ ತಂಡದ ಫೋಟೋಗ್ರಾಫರ್. ಚಿತ್ರ ಗೋಡೆಗೆ ಏರಿತು, ವರ್ಷಗಳು ಉರುಳಿದವು. 1982ರಲ್ಲಿ ಅದನ್ನೇ ಕೆಳಗಿಳಿಸಿ, ಅದರಲ್ಲಿದ್ದವರನ್ನು ಹುಡುಕಿಕೊಂಡು ಹೊರಟರು.

ಹುಡುಗ ಉಲಿಸ್ ನೆರೆಮನೆಯ ಸ್ಪ್ಯಾನಿಷ್ ನಿರಾಶ್ರಿತರ ಮಗ. ದೊಡ್ಡವನಾಗಿ ಪುಸ್ತಕದಂಗಡಿ ಇಟ್ಟುಕೊಂಡಿದ್ದ ಆತನಿಗೆ ಆ ದಿನದ್ದು ಏನೂ ನೆನಪಿಲ್ಲ. ಬಾಲ್ಯದಲ್ಲಿ ಆ ಫೋಟೋ ನೋಡಿ ತಾನೇ ಬರೆದ ಬಣ್ಣದ ಚಿತ್ರವನ್ನು ಕೈಗಿಟ್ಟರೂ ಇಲ್ಲ! ತಾಯಿಗೆ ಮಾತ್ರ ಎಲ್ಲವೂ ನೆನಪಿದೆ. ಬೆತ್ತಲೆ ನಿಂತಿದ್ದ ಈಜಿಪ್ಟಿನ ಫುಲಿ ಎಲಿಯಾ ಅಷ್ಟರಲ್ಲಿ ‘ಎಲ್’ ಪತ್ರಿಕೆಯಲ್ಲಿ ಹೆಸರು ಮಾಡಿದ್ದರು. ವಾರ್ದಾ ಶಾಲಾ ಮಕ್ಕಳಿಗೂ ಫೋಟೋ ತೋರಿಸಿದರು. ಒಂದು ಮೇಕೆಗೂ ತೋರಿಸಿದರು. ಅದು ಪ್ರತಿಯನ್ನು ತಿಂದುಹಾಕಿತು. (ವಿಮರ್ಶಕರು ಇಷ್ಟು ಪ್ರಾಮಾಣಿಕವಾಗಿ ಪ್ರತಿಕ್ರಿಯಿಸುವುದು ಅಪರೂಪ.) ಆ ವಾರದ ಸುದ್ದಿಯನ್ನೂ ಕೆದಕಿದರು: ಎರಡು ದಿನದ ಹಿಂದಷ್ಟೇ ವಿಯೆಟ್ನಾಮಿನ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚ್ ಸೇನೆ ಶರಣಾಗಿತ್ತು. ಫೋಟೋದಲ್ಲಿ ಅದರ ಸುಳಿವೇ ಇಲ್ಲ.

ಇಷ್ಟೆಲ್ಲ ಆದರೂ ಚಿತ್ರದ ಗುಟ್ಟು ಬಿಡಿಸಿದೆನೆಂದು ವಾರ್ದಾ ಹೇಳಿಕೊಳ್ಳುವುದಿಲ್ಲ. ‘ಉಲಿಸ್’ಗೆ ಅತ್ಯುತ್ತಮ ಕಿರು ಸಾಕ್ಷ್ಯಚಿತ್ರವೆಂದು ಫ್ರಾನ್ಸಿನ ಸೆಸಾರ್ ಪ್ರಶಸ್ತಿ ಬಂತು.

‘ನನ್ನ ಕೆಲಸದ ವಸ್ತು ಯಾವುದು’ ಎಂದು ಮೇಜಿನ ಮುಂದೆ ಕೂತು ತಲೆ ಕೆರೆದುಕೊಳ್ಳಬೇಡ. ವಾರ್ದಾ ಹಾಗೆ ಮಾಡಿದವರಲ್ಲ. ಸೆತ್ ಊರಿನ ಬೆಸ್ತರ ಕೇರಿಯನ್ನು ಮೊದಲು ಸ್ಟಿಲ್‌ಗಳಲ್ಲಿ ಹಿಡಿದರು, ಅಲ್ಲಿಂದಲೇ ಮೊದಲ ಸಿನಿಮಾ ‘ಲಾ ಪ್ವಾಂತ್ ಕೂರ್ತ್’ ಹುಟ್ಟಿತು. ಕ್ಯೂಬಾದಿಂದ ತಂದ ಸಾವಿರಕ್ಕೂ ಹೆಚ್ಚು ಫೋಟೋಗಳನ್ನು ಜೋಡಿಸಿ, ಸಂಗೀತಕ್ಕೆ ಕುಣಿಸಿ, 1963ರಲ್ಲಿ ‘ಸಾಲು ಲೆ ಕ್ಯೂಬಾಂ’ ಮಾಡಿದರು. ಮಗ ಚಿಕ್ಕವನಿದ್ದಾಗ ದೂರ ಹೋಗುವಂತಿರಲಿಲ್ಲ. ಪ್ಯಾರಿಸ್ಸಿನ ದಾಗೆರ್ ರಸ್ತೆಯ ಮನೆಯಿಂದಲೇ ಕರೆಂಟಿನ ಕೇಬಲ್ ಎಳೆದು, ಅದು ಮುಟ್ಟಿದಷ್ಟು ದೂರದ ಅಂಗಡಿಗಳನ್ನಷ್ಟೇ ಚಿತ್ರೀಕರಿಸಿದರು. ‘ದಾಗೆರೆಯೋತಿಪ್’ ಎಂಬ ಆ ಚಿತ್ರದಲ್ಲಿ ಬ್ರೆಡ್ ಅಂಗಡಿಯವರು, ಕಟುಕರು ಹಳೇ ಸ್ಟುಡಿಯೋ ಫೋಟೋಕ್ಕೆ ಕೂತವರಂತೆ ಅಲುಗಾಡದೆ ನಿಲ್ಲುತ್ತಾರೆ. ಫೋಟೋಗ್ರಫಿಯ ಆದ್ಯರಲ್ಲೊಬ್ಬನ ಹೆಸರಿನ ರಸ್ತೆ ಅದು.

ಕಡಲತೀರ, ನೆರೆಹೊರೆಯವರು, ಮುಪ್ಪು. ವಾರ್ದಾರ ಸ್ಟಿಲ್‌ಗಳಲ್ಲೂ ಸಿನಿಮಾಗಳಲ್ಲೂ ಮರಳಿ ಬರುವವು ಇವೇ. 2000ದಲ್ಲಿ, ಹೊಲದಲ್ಲಿ ಉಳಿದ ಆಲೂಗಡ್ಡೆ ಆಯುವವರ ಚಿತ್ರ ಮಾಡುವಾಗ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ತಮ್ಮದೇ ಸುಕ್ಕುಗಟ್ಟಿದ ಕೈಗೆ ತಿರುಗಿಸಿದರು. ತೊಂಬತ್ತರ ಹೊಸ್ತಿಲಲ್ಲಿ, ಕಲಾವಿದ ಜೆಆರ್ ಜೊತೆಗಿನ ‘ವಿಸಾಜ್ ವಿಲಾಜ್’ನಲ್ಲಿ ಮತ್ತೆ 1954ರ ಒಂದು ಫೋಟೋ: ಮುಂದೆ ಫ್ಯಾಷನ್ ಫೋಟೋಗ್ರಫಿಯಲ್ಲಿ ದೊಡ್ಡ ಹೆಸರಾದ ಗೆಳೆಯ ಗಿ ಬುರ್ದಾಂ, ಯುವಕನಾಗಿದ್ದಾಗ. ನಾರ್ಮಂಡಿಯ ತೀರಕ್ಕೆ ಉರುಳಿಬಿದ್ದ ಜರ್ಮನ್ ಬಂಕರಿಗೆ ಅದನ್ನು ದೊಡ್ಡದಾಗಿ ಅಂಟಿಸಿದರು. ಮರುದಿನ ನೋಡಿದರೆ ಉಬ್ಬರ ಅಷ್ಟನ್ನೂ ತೊಳೆದುಹಾಕಿತ್ತು. ವಾರ್ದಾ ಅದನ್ನೂ ಚಿತ್ರದಲ್ಲಿ ಉಳಿಸಿಕೊಂಡರು. ನಿನ್ನ ಎಡಿಟಿಂಗ್ ಟೇಬಲ್ಲಿಗೆ ಬೇಕಾದದ್ದು ಈ ಧೈರ್ಯ ಎಂದು ನನಗನ್ನಿಸುತ್ತದೆ. ಕೆಟ್ಟುಹೋದ ಶಾಟನ್ನು ನೀನು ಬಲು ಬೇಗ ಎಸೆಯುತ್ತೀಯ.

ಆರಂಭಿಸುವುದು ಹೇಗೆ ಎಂಬುದಕ್ಕೂ ವಾರ್ದಾರಲ್ಲೇ ಮಾದರಿ ಇದೆ: 1983ರಲ್ಲಿ ಅವರು ಟಿವಿಗಾಗಿ ‘ಒಂದು ಚಿತ್ರಕ್ಕೆ ಒಂದು ನಿಮಿಷ’ ಎಂಬ ಸರಣಿ ಮಾಡಿದ್ದರು. ತೆರೆಯ ಮೇಲೆ ಒಂದು ಫೋಟೋ, ಅದನ್ನು ನೋಡಿ ಯಾರೋ ಒಬ್ಬರ ಮಾತು. ತೆಗೆದವರ ಹೆಸರು ಕೊನೆಗೆ. ನಿನ್ನ ಫೋಟೋಗಳಲ್ಲಿ ಹತ್ತನ್ನು ಪ್ರಿಂಟ್ ಹಾಕಿಸು. ಅವುಗಳಲ್ಲಿರುವವರಿಗೆ ಮೊದಲು ತೋರಿಸು, ನಿನ್ನನ್ನು ಅರಿಯದ ಯಾರಿಗಾದರೂ ಆಮೇಲೆ. ಅವರು ಮಾತಾಡುವಾಗ ರೆಕಾರ್ಡರ್ ಆನ್ ಇರಲಿ, ನೀನು ನಡುವೆ ಬಾಯಿ ಹಾಕಬೇಡ.

ಇಂತು,
ನಿನ್ನ ಹಿರಿಯ ಗೆಳೆಯ